ರೆಕ್ಕೆಯ ಕೆಳಗಿನ ಕೊಳವೆ

ಮಲ್ಲತ್ತಹಳ್ಳಿ,
೨ ನವೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಜ್ಜೀ,

ಈ ಮನೆತನದ ಹಿರಿಯಳೂ, ಮೂವರು ಮಕ್ಕಳ ತಾಯಿಯೂ, ಐದು ಮೊಮ್ಮಕ್ಕಳ ಕಿವಿ ಹಿಂಡಿದ ಕೀರ್ತಿವಂತೆಯೂ ಆದ ಮುನಿಲಕ್ಷ್ಮಮ್ಮನವರ ಪಾದಗಳಿಗೆ ಮೊಮ್ಮಗ ಸಿದ್ಧಾರ್ಥನ ಉದ್ದಂಡ ನಮಸ್ಕಾರ. ಕಾಗದದಲ್ಲಿ ದೊಡ್ಡವರಿಗೆ ‘ನೀವು’ ಅಂತ ಬರೀಬೇಕು ಅಂದಳು ಅಮ್ಮ. ಎರಡು ಸಾಲು ಬರೆದು ನೋಡಿದೆ, ಬ್ಯಾಂಕ್ ಮ್ಯಾನೇಜರಿಗೆ ಅರ್ಜಿ ಹಾಕಿದ ಹಾಗಿತ್ತು. ಹರಿದು ಹಾಕಿ ‘ನೀನು’ ಅಂತಲೇ ಬರೀತಾ ಇದೀನಿ. ನಿನ್ನ ಮಂಡಿನೋವು ಹೇಗಿದೆ? ಕುಸುಮತ್ತೆ ಮನೆ ಮೆಟ್ಟಿಲು ಕಡಿದಾಗಿದೆ, ಹುಷಾರಾಗಿ ಇಳಿ. ಶುಗರ್ ಮಾತ್ರೆ ಊಟಕ್ಕೆ ಮುಂಚೆ, ಊಟ ಆದಮೇಲೆ ನೆನಪಾಗಿ ನುಂಗೋದಲ್ಲ. ನಾವಿರೋ ಮಲ್ಲತ್ತಹಳ್ಳಿಯಿಂದ ನೀನಿರೋ ಬ್ಯಾಡರಹಳ್ಳಿಗೆ ಬೈಕಲ್ಲಿ ಹದಿನೈದು ನಿಮಿಷ. ಅಷ್ಟು ದೂರಕ್ಕೆ ಕಾಗದ ಬರೆದ ಮೊದಲನೇ ಮಹಾನುಭಾವ ನಾನೇ ಇರಬೇಕು. ಏನು ಮಾಡಲಿ, ಈ ಮನೆಯ ಯಾರ ಫೋನನ್ನೂ ನೀನು ಎತ್ತಲ್ಲ. ನೀನು ಹೋಗಿ ಇವತ್ತಿಗೆ ನಾಲ್ಕು ವಾರ. ದೀಪಾವಳಿಗೂ ಬರಲಿಲ್ಲ. ನೀನು ದೇವರ ಮುಂದೆ ದೀಪ ಹಚ್ಚೋದನ್ನೂ ಬಿಟ್ಟಿದೀಯ, ಹಚ್ಚು ಅಂದರೆ “ಈ ಕೈ ಬೇಡ, ನೀನೇ ಹಚ್ಚು” ಅಂತೀಯ ಅಂತ ಅತ್ತೆ ಹೇಳಿದಳು. ಅದು ಕೇಳಿದಾಗಿನಿಂದ ನನಗೆ ಊಟ ಸರಿಯಾಗಿ ಸೇರ್ತಾ ಇಲ್ಲ. ಬೇಕಾದರೆ ಅಮ್ಮನ್ನ ಕೇಳು, ಮುದ್ದೆ ಎರಡರಿಂದ ಒಂದೂವರೆಗೆ ಇಳಿದಿದೆ.

ಚಿಕ್ಕಪ್ಪ ಅವತ್ತು ಆಡಿದ ಮಾತು ನಾವ್ಯಾರೂ ಮರೆತಿಲ್ಲ. ಆಯುಧಪೂಜೆ ದಿನ ಅವನ ನಾಲ್ಕು ಸೀಟಿನ ಪುಟ್ಟ ವಿಮಾನ ಇಟ್ಟಿರೋ ಶೆಡ್ಡಿಗೆ ಎಲ್ಲರೂ ಹೋದೆವು. ಒಳಗೆ ಬೆಂಕಿ ಹಚ್ಚಬಾರದು, ಪೆಟ್ರೋಲ್ ಇರುತ್ತೆ ಅಂದರು. ನೀನು ಕರ್ಪೂರ ಹಚ್ಚದೇ ತಟ್ಟೆಯಲ್ಲಿಟ್ಟು ಮಂಗಳಾರತಿ ಎತ್ತಿದೆ, “ಹಚ್ಚದಿದ್ರೂ ದೇವರಿಗೆ ಗೊತ್ತಾಗುತ್ತೆ ಬಿಡ್ರಪ್ಪ” ಅಂದೆ. ಕುಂಬಳಕಾಯಿಗೆ ಕಾಸು ತುಂಬಿ ರನ್‌ವೇ ಮೇಲೆ ಒಡೀತೀನಿ ಅಂದಾಗ ಅಲ್ಲಿನ ಮೆಕ್ಯಾನಿಕ್ ಅಂಜಿನಯ್ಯನವರು ಕೈ ಮುಗಿದು ತಡೆದರು. ಕೊನೆಗೆ ಅದನ್ನ ಗೇಟಿನಾಚೆ ಒಡೆಸಿದೆ. ಮೂತಿಯಿಂದ ಬಾಲದವರೆಗೆ ಅರಿಶಿನ ಕುಂಕುಮ ಇಟ್ಟೆ. ರೆಕ್ಕೆಯ ಕೆಳಗೆ ಬೆರಳು ಗಾತ್ರದ ಒಂದು ಕೊಳವೆ ಇದೆಯಲ್ಲ, ಅದರ ಮೇಲೂ ಇಟ್ಟೆ. ಮುಂದಿನ ಭಾನುವಾರ ಚಿಕ್ಕಪ್ಪ ಹಾರೋಕೆ ಓಡಿಸಿದಾಗ ವೇಗ ತೋರಿಸೋ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಆ ಕೊಳವೆಯೊಳಗೆ ಗಾಳಿ ನುಗ್ಗಿದರೆ ತಾನೇ ಮುಳ್ಳು ಏಳೋದು. ಅವನು ನೆಲದ ಮೇಲಿರುವಾಗಲೇ ನಿಲ್ಲಿಸಿದ. ಅಂಜಿನಯ್ಯನವರು ಕೊಳವೆ ಬಿಚ್ಚಿದರೆ ಒಳಗೆ ಪೂಜೆಯ ಕಸ, ಹೊರಗೆ ನಿನ್ನ ಕುಂಕುಮ. ಮನೆಗೆ ಬಂದವನೇ ಎಲ್ಲರ ಮುಂದೆ ಅಂದ: “ಅವ್ವಾ, ನಿನ್ನ ಭಕ್ತಿ ಒಂದಿನ ನನ್ನ ಪ್ರಾಣ ತೆಗೆಯುತ್ತೆ.” ನೀನು ಎರಡು ಸೀರೆ, ಎಲೆ ಅಡಿಕೆ ಚೀಲ ತಗೊಂಡು ಆಟೋ ಹತ್ತಿದೆ.

ಇರಲಿ. ಇವತ್ತು ಬೆಳಗ್ಗೆ ಚಿಕ್ಕಪ್ಪ ನನ್ನನ್ನ ಕೂರಿಸಿಕೊಂಡು ಹಾರಿದ. ಆದ ಕಾರಣ ಈ ಕ್ಷಣದಿಂದ ನಾನು ವಿಮಾನಶಾಸ್ತ್ರ ಪಂಡಿತ. ಮುಂದೆ ನೀನೂ ಒಂದು ವಿಮಾನ ಕೊಂಡರೆ ಬೇಕಾಗಬಹುದು ಅಂತ ಕೆಲವು ಹಿತವಚನ ಬರೀತೀನಿ, ಸೆರಗಿನಲ್ಲಿ ಗಂಟು ಹಾಕಿಕೋ. ಒಂಟಿಯಾಗಿ ಕೊಳ್ಳಬೇಡ. ಚಿಕ್ಕಪ್ಪ ಕೆಂಗೇರಿ ಉಪನಗರದ ಹಲ್ಲಿನ ಡಾಕ್ಟರ್ ವೆಂಕಟಗಿರಿಯವರ ಜೊತೆ ಪಾಲಿನಲ್ಲಿ ತಗೊಂಡಿದ್ದು ಜಾಣತನ. ಹಾರಿದರೂ ಹಾರದಿದ್ದರೂ ಅದಕ್ಕೆ ಶೆಡ್ಡಿನ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆ ಎಲ್ಲಾ ಬಿಚ್ಚಿ ನೋಡೋ ತಪಾಸಣೆ ಬೇಕೇ ಬೇಕು. ಸುಮ್ಮನೆ ನಿಲ್ಲಿಸಿದರೆ ಇಂಜಿನ್ ಒಳಗೇ ತುಕ್ಕು ಹಿಡಿಯುತ್ತಂತೆ, ಓಡಿಸ್ತಾ ಇದ್ದರೇನೇ ಆರೋಗ್ಯ. ನಿನ್ನ ಮಂಡಿಗೆ ಡಾಕ್ಟರ್ ಹೇಳಿದ್ದೂ ಇದನ್ನೇ.

ಹತ್ತೋಕೆ ಮುಂಚೆ ನನ್ನನ್ನ ಶೂ ಸಮೇತ ತಕ್ಕಡಿ ಮೇಲೆ ನಿಲ್ಲಿಸಿದರು. ಬ್ಯಾಗನ್ನೂ ತೂಗಿದರು. ಅಮ್ಮ ಕೊಟ್ಟ ಚಿತ್ರಾನ್ನದ ಡಬ್ಬಿ ಕೆಳಗೇ ಉಳೀತು. ಆಮೇಲೆ ಚಿಕ್ಕಪ್ಪ ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಅಣಕವಾಡೋಣ ಅಂತ ನಾನು ಹಿಂದೆ ಕೈ ಕಟ್ಟಿ ಭಕ್ತನ ಥರ ನಡೆದೆ, ಎರಡೇ ಹೆಜ್ಜೆಗೆ ಕೈ ತಾನೇ ಬಿಟ್ಟುಹೋಯ್ತು. ಮನೆಯಲ್ಲಿ ಕಾರಿನ ಕೀಲಿ ದಿನಕ್ಕೆ ಮೂರು ಸಲ ಕಳೆದುಕೊಳ್ಳೋ ಮನುಷ್ಯ, ಒಂದೊಂದು ಮೊಳೆಯನ್ನೂ ಮುಟ್ಟಿ ಮುಟ್ಟಿ ನೋಡ್ತಾನೆ. ಮೀಟರ್ ಟ್ಯಾಂಕ್ ಫುಲ್ ಅಂದರೂ ಕಡ್ಡಿ ಇಳಿಬಿಟ್ಟು ಅಳೀತಾನೆ. ಪೆಟ್ರೋಲನ್ನ ಒಂದು ಸಣ್ಣ ಗಾಜಿನ ಲೋಟಕ್ಕೆ ಬಿಟ್ಟು, ಬೆಳಕಿಗೆ ಹಿಡಿದು, ತಳದಲ್ಲಿ ನೀರಿನ ಹನಿ ಇದೆಯಾ ಅಂತ ನೋಡ್ತಾನೆ. ಆ ಕೊಳವೆಗೆ ಟಾರ್ಚ್ ಬಿಟ್ಟು ಎಷ್ಟು ಹೊತ್ತು ನೋಡಿದ ಅಂದರೆ, ನಾನು ಬೇರೆ ಕಡೆ ತಿರುಗಿಕೊಂಡೆ.

ಆಮೇಲೂ ಹಾರಲಿಲ್ಲ. ಮಂಜಿತ್ತು. ಡಾಕ್ಟರಿಗೆ ಶಿವಮೊಗ್ಗದಲ್ಲಿ ಬೀಗರೂಟ, ಅವರು ಚಿಕ್ಕಪ್ಪನ ಜೊತೆ ಹೊರಟಿದ್ದರು. “ಚನ್ನಕೇಶವ, ಅರ್ಧ ಗಂಟೇಲಿ ಬಿಡುತ್ತೆ ಕಣಯ್ಯಾ, ಹೊರಡೋಣ” ಅಂತ ಗಡಿಯಾರ ನೋಡ್ತಾನೇ ಇದ್ದರು. ಚಿಕ್ಕಪ್ಪ ಮಂಜಿನಿಂದ ಕಣ್ಣು ತೆಗೀದೆ ಹೇಳಿದ: “ಇವತ್ತೇ ಹೋಗಿ ಮುಟ್ಟಲೇಬೇಕು ಅನ್ನೋರು ಬಸ್ಸು ಹತ್ತಬೇಕು ಡಾಕ್ಟ್ರೇ.” ಡಾಕ್ಟರ್ ನಿಜವಾಗಿಯೂ ಬಸ್ಸಿಗೇ ಹೋದರು. ಹಿಂದೆ ಕೂರಬೇಕಾಗಿದ್ದ ನನಗೆ ಅವರ ಮುಂದಿನ ಸೀಟು ಸಿಕ್ಕಿತು. ಶಿವಮೊಗ್ಗ ಬಿಟ್ಟು ಇಲ್ಲೇ ಒಂದು ಸುತ್ತು ಅಂತಾಯ್ತು.

ಅಜ್ಜಿ, ಇಲ್ಲಿಂದ ಮುಂದೆ ತಮಾಷೆ ಮಾಡೋಕೆ ನನಗೆ ಬರ್ತಾ ಇಲ್ಲ. ಒಂಬತ್ತೂವರೆಗೆ ಬಿಸಿಲು ಬಂತು. ರನ್‌ವೇ ಮೇಲೆ ಓಡುವಾಗ ಚಿಕ್ಕಪ್ಪನ ಒಂದು ಕೈ ಇಂಜಿನ್ನಿನ ಗುಬುಟಿ ಮೇಲೇ ಇತ್ತು, ಏನಾದರೂ ಸರಿಯಿಲ್ಲ ಅಂದರೆ ತಕ್ಷಣ ಎಳೆಯೋಕೆ. “ಮುಳ್ಳು ಎದ್ದಿತು” ಅಂತ ತನಗೆ ತಾನೇ ಜೋರಾಗಿ ಹೇಳಿಕೊಂಡ. ಚಕ್ರದ ಗಡಗಡ ನಿಂತಿತು. ಆಗಲೇ ಗೊತ್ತಾಗಿದ್ದು ನೆಲ ಬಿಟ್ಟಿದೀವಿ ಅಂತ. ಮಾವಿನ ತೋಪು ಕೊತ್ತಂಬರಿ ಕಟ್ಟಿನಷ್ಟಾಯ್ತು. ಸಾವನದುರ್ಗ ಕೆಳಗಿಂದ ಬೆಟ್ಟ, ಮೇಲಿಂದ ಒಂದೇ ಒಂದು ಕಲ್ಲು. ಯಾರೋ ರುಬ್ಬಿ ಮುಗಿಸಿ ಗುಂಡನ್ನ ಎತ್ತಿಡದೆ ಎದ್ದುಹೋದ ಹಾಗಿತ್ತು. ಬಿಸಿಲು ಒಂದು ಕೆರೆಯಲ್ಲಿ ಹೊಳೆದು, ಆರಿ, ಮುಂದಿನ ಕೆರೆಯಲ್ಲಿ ಹೊಳೆದು, ನಮ್ಮ ಜೊತೆ ಜೊತೆಗೇ ಬಂತು. ಇಂಥ ನೋಟ ಇಷ್ಟು ದಿನ ನಮ್ಮ ತಲೆಗಿಂತ ಸ್ವಲ್ಪ ಮೇಲೇ ಇತ್ತು, ನಾವು ಟ್ರಾಫಿಕ್ಕಿನಲ್ಲಿ ನಿಂತು ಹಾರನ್ ಹೊಡೀತಾ ಇದ್ದೆವು. ಅರ್ಧ ಗಂಟೆ ನಾನು ಬಾಯಿ ತೆಗೀಲಿಲ್ಲ. ಹೆಡ್‌ಫೋನ್ ಕೆಟ್ಟಿದೆಯಾ ಅಂತ ಚಿಕ್ಕಪ್ಪ ಎರಡು ಸಲ ತಟ್ಟಿ ನೋಡಿದ.

ದೂರದಲ್ಲಿ ಬೆಂಗಳೂರು ಬೂದಿ ಚೆಲ್ಲಿದ ಹಾಗೆ ಕಂಡಿತು. ಅದರ ಈ ಕಡೆ ಅಂಚಿಗೆ ಬೆರಳು ತೋರಿಸಿ, “ಅಲ್ಲೆಲ್ಲೋ ಅವ್ವ ಇದಾಳೆ ಕಣೋ” ಅಂದ. ಆಮೇಲೆ ರೆಕ್ಕೆಯ ಕಡೆ ಒಮ್ಮೆ ನೋಡಿ, “ಟಾರ್ಚ್ ಹಾಕಿ ನೋಡಬೇಕಾಗಿದ್ದವನು ನಾನು. ಅವಳಿಗೆ ಅಂದುಬಿಟ್ಟೆ” ಅಂದ. ಇಷ್ಟು ವರ್ಷದಲ್ಲಿ ಚಿಕ್ಕಪ್ಪನ ಬಾಯಲ್ಲಿ ತಪ್ಪಾಯ್ತು ಅನ್ನೋ ಮಾತು ನಾನು ಕೇಳಿದ್ದು ಮೂರು ಸಾವಿರ ಅಡಿ ಮೇಲೆ. ನಾನೂ ಏನೋ ಹೇಳೋಕೆ ಹೋದೆ. ಬಾಯಿಗೆ ಬಂದಿದ್ದು ಮಾತ್ರ ‘ಆ ಕೆರೆ ಯಾವುದು?’ ಅಂತ. ಇಳಿದಮೇಲೆ ಶೆಡ್ಡಿನಲ್ಲಿ ಅಂಜಿನಯ್ಯನವರು ಹೊಸದಾಗಿ ಸೇರಿದ ಹೆಲ್ಪರಿಗೆ ಪಾಠ ಮಾಡ್ತಾ ಇದ್ದರು: “ಸ್ಪ್ಯಾನರ್ ಕಳೆದರೆ ಮೊದಲು ಬಂದು ಹೇಳು, ಹುಡುಕೋದು ಆಮೇಲೆ. ಹೇಳಿದವನಿಗೆ ಇಲ್ಲಿ ಯಾರೂ ಬೈಯಲ್ಲ.” ಇದೂ ಒಂದು ಹಿತವಚನ. ಇದರ ಬಗ್ಗೆ ಹೆಚ್ಚು ಬರೆಯೋ ಮನಸ್ಸಿಲ್ಲ.

ಒಟ್ಟಿನಲ್ಲಿ ಚಿಕ್ಕಪ್ಪನ ಕೋಪ ಇಳಿದಿದೆ, ನೀನು ಮನೆಗೆ ಬಾ. ಅತ್ತೆ ಮಾವನಿಗೆ ನಮಸ್ಕಾರ ಹೇಳು. ಮಂಡಿಗೆ ಎಣ್ಣೆ ಹಚ್ಚಿಕೋ. ನನ್ನ ತಲೆ ಮೇಲೆ ಅಲ್ಲಿಂದಲೇ ಒಂದು ಕೈ ಇಡು.

ನಿನ್ನ ತುಂಟ,
ಸಿದ್ಧಾರ್ಥ

ತಾ.ಕ.: ಸಂಜೆ ಆರು ಗಂಟೆ. ಮಡಚಿದ ಕಾಗದ ಮತ್ತೆ ಬಿಚ್ಚಿದೀನಿ. ಅಜ್ಜಿ, ಕೊಳವೆಯಲ್ಲಿ ಸಿಕ್ಕಿದ್ದು ಊದಿನಕಡ್ಡಿಯ ತುಂಡು. ಸಿಕ್ಕಿಸಿದ್ದು ನಾನು. ನೀನು ಆ ಕಡೆ ತಿರುಗಿದ್ದಾಗ, ಆ ತೂತು ಊದಿನಕಡ್ಡಿ ಸ್ಟ್ಯಾಂಡಿನ ಹಾಗೇ ಇದೆಯಲ್ಲ ಅಂತ ಫೋಟೋಗೋಸ್ಕರ ಹಚ್ಚದ ಎರಡು ಕಡ್ಡಿ ಸಿಕ್ಕಿಸಿದೆ. ತೆಗೆಯುವಾಗ ಒಂದು ಒಳಗೇ ಮುರೀತು. ಯಾರಿಗೂ ಹೇಳಲಿಲ್ಲ. ನೀನಿಟ್ಟ ಕುಂಕುಮ ಕೊಳವೆಯ ಹೊರಗಿತ್ತು, ಹೊರಗೇ ಉಳೀತು. ನಿನ್ನ ಕೈ ಏನೂ ಮಾಡಿಲ್ಲ. ಒಂದು ಗಂಟೆ ಹಿಂದೆ ಚಿಕ್ಕಪ್ಪನಿಗೆ ಹೇಳಿದೆ. ಬೈಯಲಿಲ್ಲ. “ಅವ್ವನಿಗೆ ಹೇಳಿದ್ಯಾ?” ಅಂತ ಕೇಳಿದ. ಇಲ್ಲ ಅಂದೆ. ಕಾರಿನ ಕೀಲಿ ತಗೊಂಡು, “ಮೊದಲು ನೀನು ಹೋಗು, ನಿನ್ನ ಹಿಂದೆ ನಾನು ಬರ್ತೀನಿ” ಅಂದ. ಎದುರು ನಿಂತು ಹೇಳೋಕೆ ಬಾಯಿ ಬರಲ್ಲ, ಅದಕ್ಕೆ ಈ ಕಾಗದವನ್ನ ಅತ್ತೆ ಕೈಗೆ ಕೊಟ್ಟು ಗೇಟಿನ ಹೊರಗೇ ನಿಂತಿರ್ತೀನಿ. ನೀನು ಇದನ್ನ ಓದಿ ಮುಗಿಸುವಾಗಲೂ ಅಲ್ಲೇ ಇರ್ತೀನಿ. ಬೈಯೋಕಾದರೂ ಬಾಗಿಲು ತೆಗಿ.