ಅವರೆ ಬಳ್ಳಿಗೆ ಮದುವೆಯ ಪಂಚೆ

ಅಕ್ಟೋಬರ್ ೧೯, ಭಾನುವಾರ, ಆಮರ್ಸ್‌ಫೋರ್ಟ್

ಹೂ ಬಿಟ್ಟಿದೆ! ನಮ್ಮ ಹಿತ್ತಲಿನ ಅವರೆಯವರು ಕೊನೆಗೂ ಮನಸ್ಸು ಮಾಡಿದ್ದಾರೆ!

ಮೇ ತಿಂಗಳಲ್ಲಿ ಬಿತ್ತಿದ್ದು. ಐದು ತಿಂಗಳು ಬರೀ ಎಲೆ. ನನ್ನ ಹೆಂಡತಿ ತನು ಅದಕ್ಕೆ ‘ಮ್ಯಾನೇಜರ್’ ಎಂದು ಹೆಸರಿಟ್ಟಿದ್ದಳು: ಎಲ್ಲ ಕಡೆ ಹಬ್ಬುತ್ತದೆ, ಕೆಲಸ ಮಾತ್ರ ಇಲ್ಲ. ಚಳಿಗಾಲಕ್ಕೆ ಮುಂಚೆ ಅದನ್ನು ಕಿತ್ತು ಟ್ಯೂಲಿಪ್ ಗೆಡ್ಡೆ ನೆಡಬೇಕೆಂದು ಅವಳ ಆಜ್ಞೆ. ಇವತ್ತು ಬುಡಕ್ಕೆ ಕತ್ತರಿ ಇಟ್ಟು ತಲೆ ಎತ್ತಿದರೆ, ಬೇಲಿಯ ಮೇಲೆ ನೇರಳೆ ಹೂಗೊಂಚಲು.

“ತನೂ, ಹೂವು!”

“ಕೆಲಸ ತಪ್ಪಿಸ್ಕೊಳ್ಳೋಕೆ ಏನೇನ್ ಹೇಳ್ತೀಯೋ!” ಎನ್ನುತ್ತಲೇ ಬಂದಳು. ಗೊಂಚಲ ಬುಡದಲ್ಲಿ ಉಗುರಿನಷ್ಟು ನಾಲ್ಕು ಕಾಯಿ. ಒಂದನ್ನು ಮೆಲ್ಲಗೆ ಸವರಿ ಬೆರಳು ಮೂಸಿದಳು. ಮೈಸೂರಿನ ಸೊಗಡು! ಆಮೇಲೆ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡಳು.

ಹಗಲು ಗಿಡ್ಡವಾಗುವ ತನಕ ಅವರೆ ಹೂ ಬಿಡುವುದಿಲ್ಲವಂತೆ. ಈ ಚಳಿದೇಶದಲ್ಲಿ ಹಗಲು ಗಿಡ್ಡವಾಗುವಷ್ಟರಲ್ಲಿ ಚಳಿ ಬಾಗಿಲಿಗೇ ಬಂದಿರುತ್ತದೆ. ಇಂದು ರಾತ್ರಿಯೇ ಇಬ್ಬನಿ ಹೆಪ್ಪುಗಟ್ಟಬಹುದು ಎನ್ನುತ್ತಿದೆ ಫೋನು. ತಾಗಿತೋ, ಬೆಳಗಾಗುವಷ್ಟರಲ್ಲಿ ಬಳ್ಳಿಯೆಲ್ಲ ಕಪ್ಪು.

ಅದಕ್ಕೇ ನನ್ನ ಮದುವೆಯ ಪಂಚೆಯನ್ನು ಹೊದಿಸಿದ್ದೇವೆ, ಜರಿಯಂಚು ಹೊರಗೆ ಕಾಣುವಂತೆ. ನನ್ನ ಸೊಂಟದ ಮೇಲೆ ಒಂದು ದಿನವೂ ಇಷ್ಟು ಭದ್ರವಾಗಿ ನಿಂತಿರಲಿಲ್ಲ. ನಾಲ್ಕು ಕಾಯಿಗೆ ಒಂದು ಸೌಟು ಸಾರೂ ಆಗದು. ಆದರೂ ಎದೆ ಮದುವೆಯ ದಿನಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿದೆ. (ಇದನ್ನು ತನು ಓದಬಾರದು.)

ಹೊರಗೆ ಎರಡು ಡಿಗ್ರಿ. ಕಿತ್ತುಹಾಕು ಎಂದವಳೇ ಟಾರ್ಚ್ ಹಿಡಿದು ಮೂರನೇ ಸಲ ಹಿತ್ತಲಿಗೆ ಹೋಗಿದ್ದಾಳೆ.

“ಪಂಚೆ ಸಾಲಲ್ಲ ಕಣೋ, ಆ ಶಾಲು ತಗೊಂಡ್ ಬಾ!”

ಅದನ್ನು ಹೊದ್ದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಬಂದೆ, ತನೂ!