ಬಿಳಿ ಪುಡಿ ಮೇಲೇರುವ ಹೊತ್ತು

ಅತ್ತೆಯವರಿಗೆ, ನಿಮ್ಮ ಸೊಸೆ ಮಾಲಾ ಕೈಮುಗಿದು ಬರೆಯುವುದು.

ಕಾವ್ಯಾ ಓದಿ ಹೇಳುತ್ತಾಳೆ. ಮೊಮ್ಮಗಳ ಬಾಯಿಂದ ಕೇಳುತ್ತೀರೆಂದು ಬೈಗುಳ ಬಿಟ್ಟಿದ್ದೇನೆ, ಸಿಟ್ಟು ಬಿಟ್ಟಿಲ್ಲ. ಎದುರಿಗೆ ನಿಂತು ಹೇಳಹೋದರೆ ನೀವು ಸೆರಗಿನಿಂದ ಕಣ್ಣೊರೆಸುತ್ತೀರಿ, ನಾನು ಸುಮ್ಮನಾಗುತ್ತೇನೆ. ಅದಕ್ಕೇ ಈ ಕಾಗದ.

ಇಂದು ಬೆಳಿಗ್ಗೆ ಮುಧೋಳದ ನಮ್ಮ ಕಾರ್ಖಾನೆಗೆ ಕಾಲಿಡುತ್ತಲೇ ಮ್ಯಾನೇಜರ್ ಗೋಪಾಲ ಅವರು ತಡೆದರು. "ನಿಮ್ಮ ಅತ್ತಿಯವರು ಫೋನ್ ಮಾಡಿದ್ರರಿ. ನಮ್ಮ ಸೊಸಿ ಆ ಗ್ಯಾಸಿನ ಕೆಲಸ ಒಲ್ಲೆ ಅಂದಾಳ ಅಂದ್ರು. ಖರೆ ಏನ್ರಿ?" ನಾನು ಯಾವಾಗ ಒಲ್ಲೆ ಅಂದೆ ಅತ್ತೆ? ಇವತ್ತಿನ ಗ್ಯಾಸಿನ ಪ್ರಯೋಗ ಸರಿಹೋದರೆ ಆ ಘಟಕ ನನ್ನ ಕೈಗೆ, ಕೆಟ್ಟರೆ ಪುಣೆಯಿಂದ ಬೇರೆಯವರು ಬರುತ್ತಾರೆ. ಅದು ನಿಮಗೆ ಗೊತ್ತಿತ್ತು. "ಸುಳ್ಳರಿ. ನಾನ ಮಾಡಾಕಿ" ಎಂದು ಒಳಗೆ ಬಂದೆ. ಬಿಸಿ ಏರುವ ತನಕ ಕೂತು ಇದನ್ನು ಬರೆಯುತ್ತಿದ್ದೇನೆ.

ಒಳಗೆ ನಡೆದಿರುವುದು ಇಷ್ಟೇ. ಕಬ್ಬಿನ ಸಿಪ್ಪೆಯಿಂದ ತೆಗೆದ ಒಂದು ಎಣ್ಣೆಗೆ ಹೈಡ್ರೋಜನ್ ಕೂಡಿಸಬೇಕು, ವನಸ್ಪತಿ ತುಪ್ಪ ಮಾಡಲು ಅಡುಗೆ ಎಣ್ಣೆಗೆ ಕೂಡಿಸುವ ಹಾಗೆ. ಆದರೆ ಎಣ್ಣೆಯ ಪ್ರತಿ ಅಣುವಿನ ಒಂದೇ ತುದಿಗೆ. ಎಲ್ಲೆಡೆ ಕೂಡಿದರೆ ಸರಕು ಕೆಟ್ಟಂತೆ. ಕೂಡಿಸುವ ಕೆಲಸ ಪ್ಲಾಟಿನಂ ಕಣಗಳದು. ಅವು ಕೂತಿರುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯ ಮೇಲೆ. ಗೋಡೆಯ ಬಣ್ಣಕ್ಕೆ ಬಿಳುಪು ಕೊಡುವುದೂ ಅದೇ. ಆಸರೆಗೆಂದು ಇಟ್ಟ ಈ ಪುಡಿ ಸುಮ್ಮನಿರುವುದಿಲ್ಲ. ಹೈಡ್ರೋಜನ್ ಹಾಯಿಸಿ ಬಿಸಿಮಾಡಿದರೆ ಮೆಲ್ಲಗೆ ಪ್ಲಾಟಿನಂ ಮೈಮೇಲೆ ಹತ್ತಿ ಮುಚ್ಚತೊಡಗುತ್ತದೆ. ಅರ್ಧಂಬರ್ಧ ಮುಚ್ಚಿದರೆ ಒಳ್ಳೆಯದೇ, ಪ್ಲಾಟಿನಂ ಸಿಕ್ಕಲ್ಲೆಲ್ಲ ಕೈಹಾಕದೆ ಬೇಕಾದ ತುದಿಯನ್ನಷ್ಟೇ ಹಿಡಿಯುತ್ತದೆ. ಪೂರ್ತಿ ಮುಚ್ಚಿದರೆ ಕೆಲಸವೇ ನಿಂತಿತು.

ಬಿಸಿ ಏರುತ್ತಿದೆ. ಎಲ್ಲಿ ನಿಲ್ಲಿಸಬೇಕೆಂದು ನಾನೇ ಹೇಳಬೇಕು. ಇನ್ನಷ್ಟು ಏರಲಿ ಎನ್ನುತ್ತ ಗೋಪಾಲ ಅವರು ಬಾಗಿಲಲ್ಲಿ ನಿಂತಿದ್ದಾರೆ. ಏಳುತ್ತೇನೆ.

ನಿಲ್ಲಿಸಿ ಬಂದೆ. ಈಗ ತಣಿಸಿ ಎಣ್ಣೆ ಬಿಟ್ಟಿದ್ದೇವೆ. ಬೇಗ ನಿಲ್ಲಿಸಿದೆನೋ, ತಡವಾಯಿತೋ, ಮಾದರಿ ಪರೀಕ್ಷೆಯಾಗಿ ಬರುವ ತನಕ ತಿಳಿಯದು.

ಮಾವನವರು ಬಾಯ್ಲರ್ ಮುಂದೆ ಮೈ ಸುಟ್ಟುಕೊಂಡದ್ದನ್ನು ನೀವು ಮರೆತಿಲ್ಲ, ಅದಕ್ಕೇ ಹೆದರಿ ಫೋನ್ ಮಾಡಿದಿರಿ, ಗೊತ್ತು. ನಾನು ಜಮಖಂಡಿ ಕಾಲೇಜಿಗೆ ಹೊರಟಾಗ ಹಸುಗೂಸು ಕಾವ್ಯಾಳನ್ನು ಕಸಿದುಕೊಂಡು "ನೀ ಹೋಗ ಬೇ, ಕೂಸಿನ್ನ ನಾ ನೋಡ್ಕೋತೇನಿ" ಎಂದವರೂ ನೀವೇ. ಹಣೆಗೆ ಬೀರೇಶ್ವರನ ಅರಿಶಿನ ಭಂಡಾರ ಹಚ್ಚಿ ಕಳಿಸಿದವರೂ ನೀವೇ. ಆಸರೆಯಿಲ್ಲದ ಪ್ಲಾಟಿನಂ ಕಣಗಳು ಬಿಸಿಗೆ ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತವೆ, ಉಪಯೋಗಕ್ಕೆ ಬಾರವು. ನೀವಿಲ್ಲದೆ ನಾನು ಇಲ್ಲಿಗೆ ಬರುತ್ತಿರಲಿಲ್ಲ. ಆದರೆ ನನ್ನನ್ನು ಕೇಳದೆ ಮೊದಲು ಮನೆಗೆ ಬಂದ ಬೀಗರಿಗೆ ನನ್ನ ಪರವಾಗಿ ಉತ್ತರ ಕೊಟ್ಟಿರಿ, ಆಮೇಲೆ ಕಾವ್ಯಾಳ ಮಾಸ್ತರರಿಗೆ, ಈಗ ಮ್ಯಾನೇಜರಿಗೆ. ನನಗೂ ಬಾಯಿದೆ ಅತ್ತೆ.

ಮಾದರಿ ಬಂತು. ಬೇಕಾದದ್ದೇ ಬಂದಿದೆ, ಬೇಡದ್ದು ಇಲ್ಲವೆನ್ನುವಷ್ಟು ಕಡಿಮೆ. ಗೋಪಾಲ ಅವರು "ನಾಳಿಂದ ಘಟಕ ನಿಮ್ಮದರಿ" ಎಂದರು. ಇಷ್ಟು ಸಿಟ್ಟಿನಲ್ಲೂ ಮೊದಲು ನಿಮಗೇ ಹೇಳಬೇಕೆನಿಸಿ ಅಳು ಬಂತು.

ಮುಚ್ಚಿಕೊಂಡ ಪುಡಿ ಹಿಂದೆ ಸರಿಯುವುದೂ ಉಂಟು. ಹೈಡ್ರೋಜನ್ ಪೂರ್ತಿ ಹೊರಹಾಕಿ, ಗಾಳಿ ಹಾಯಿಸಿ ಬಿಸಿಮಾಡಿದರೆ ತನ್ನ ಜಾಗಕ್ಕೆ ಇಳಿಯುತ್ತದೆ. ಪ್ಲಾಟಿನಂ ಅದರ ಮೇಲೇ ಕೂತಿರುತ್ತದೆ. ನಾನೂ ಎಲ್ಲಿಗೂ ಹೋಗುವವಳಲ್ಲ.

ನಿಮ್ಮ ಮಗ ಕರೆದೊಯ್ಯಲು ಬಂದಿದ್ದಾರೆ. ನನ್ನ ಕೆಲಸ ಮುಗಿದಿಲ್ಲ, ಅವರ ಕೈಯಲ್ಲಿ ಕಾಗದ ಮೊದಲು ಕಳಿಸುತ್ತೇನೆ, ನಾನು ಆಮೇಲೆ ಬರುತ್ತೇನೆ. ಇಷ್ಟು ಓದಿಸಿಕೊಂಡ ಮೇಲೆ ನಿಮ್ಮ ಫೋನನ್ನು ಕಾವ್ಯಾಳಿಗೆ ಕೊಡಿ, ಗೋಪಾಲ ಅವರ ನಂಬರ್ ಅಳಿಸುತ್ತಾಳೆ. ಭಯವಾದಾಗ ನನಗೇ ಮಾಡಿ. ಎಷ್ಟು ಸಲ ಮಾಡಿದರೂ ಎತ್ತುತ್ತೇನೆ.

ಕಾವ್ಯಾ, ಅಜ್ಜಿ ಫೋನು ಕೊಡುವ ತನಕ ಮುಂದಿನ ಸಾಲು ಓದಬೇಡ.

ಕೊಟ್ಟಿರಲ್ಲ ಅತ್ತೆ. ಬೀರೇಶ್ವರ ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಾಳೆ ನಾನು ಕೆಲಸಕ್ಕೆ ಹೊರಡುವಾಗ ಭಂಡಾರ ನೀವೇ ಹಚ್ಚಬೇಕು.

ನಿಮ್ಮ ಸೊಸೆ,
ಮಾಲಾ