ನಿನ್ನ ಚುಕ್ಕೆ ಹೇಂಟೆ ನನ್ನ ಹಿತ್ತಲಲ್ಲಿ

ಅಕ್ಕಾ,

ಓರಗಿತ್ತಿಯರಾಗಿ ಒಂದೇ ಗೋಡೆಯ ಆಚೀಚೆ ಬಾಳಿ ಇಬ್ಬರೂ ಮೊಮ್ಮಕ್ಕಳನ್ನು ಕಂಡೆವು. ಹೋಗುವಾಗಲಾದರೂ ನನ್ನನ್ನು ನೆಮ್ಮದಿಯಾಗಿ ಬಿಟ್ಟೆಯಾ? ನಿನ್ನ ತಿಥಿ ಮುಗಿದ ದಿನ, ಬಾಣಾವರದ ಬಸ್ಸು ಹತ್ತುವ ಮುಂಚೆ ನಿನ್ನ ಮಗಳು ಗಿರಿಜೆ ಚುಕ್ಕೆ ಹೇಂಟೆಯನ್ನು ತಂದು ನನ್ನ ಮಡಿಲಿಗೆ ಹಾಕಿದಳು. "ಚಿಕ್ಕವ್ವ, ಪಾಲಿಗೆ ಸಾಕು. ಮರಿ ಆದ್ರೆ ಅರ್ಧ ನಿಂಗೆ, ಅರ್ಧ ನಂಗೆ. ಅವ್ವನ ಕೋಳೀಲಿ ಉಳಿದಿರೋದು ಇದೊಂದೇ." ಊರ ಹೆಂಗಸರೆಲ್ಲ ನೋಡುತ್ತಿದ್ದರು. ಬೇಡ ಅನ್ನಲಾದೀತೇ?

ಗೆಂಡೆಹಳ್ಳಿಯಿಂದ ಸೈಕಲ್ಲಿನಲ್ಲಿ ಬಂದ ಗ್ರಾಮಸೇವಕ ನಿನ್ನ ಕೋಳಿಗಳನ್ನು ತೋರಿಸಿ, "ಇವರನ್ನ ನೋಡಿ ಕಲೀರಮ್ಮ" ಅಂತ ನನಗೇ ಹೇಳಿದ್ದ, ನೆನಪಿದೆಯಾ? ಆಗ ನನ್ನ ಕೋಳಿಗಳು ಕೊರಳ ಬುಡದ ಕಾಳಿನ ಚೀಲ ಉಬ್ಬಿ ಗಟ್ಟಿಯಾಗಿ, ಹುಳಿನೀರು ಕಕ್ಕುತ್ತಾ ಮೂಲೆಯಲ್ಲಿ ತೂಕಡಿಸುತ್ತಿದ್ದವು. ನಾನೇನು ಕಡಿಮೆ ಮಾಡಿದ್ದೆ? ಹಿತ್ತಲನ್ನು ದಿನಾ ಗುಡಿಸಿ ಸಗಣಿ ಸಾರಿಸುತ್ತಿದ್ದೆ. ಉಳಿದ ಮುದ್ದೆಯನ್ನೆಲ್ಲ ಅವಕ್ಕೇ ಹಾಕುತ್ತಿದ್ದೆ. ನಿನ್ನ ಹಿತ್ತಲೋ, ಬರೀ ಗರಸು, ಕಾಲಿಟ್ಟರೆ ಚುಚ್ಚುವ ಸಣ್ಣ ಕಲ್ಲು. "ಪೊರಕೆ ಹಿಡಿಯೋಕೆ ಮೈಗಳ್ಳತನ ಕಣಕ್ಕ ನಿಂಗೆ" ಅಂದರೆ ನೀನು ನಗುತ್ತಿದ್ದೆ. ಆ ನಗುವಿಗೆ ನನ್ನ ಹೊಟ್ಟೆ ಎಷ್ಟು ಉರಿಯುತ್ತಿತ್ತು ಅಂದರೆ...

ಹೇಂಟೆ ಬಂದು ಹೆಚ್ಚು ದಿನ ಆಗಿರಲಿಲ್ಲ, ಅದರ ಚೀಲವೂ ಗಟ್ಟಿಯಾಯಿತು. ಕಾಳು ಹಾಕಿದರೆ ಮುಖ ತಿರುಗಿಸಿತು. ನಿನ್ನ ಕೋಳಿ ನನ್ನ ಹಿತ್ತಲಲ್ಲಿ ಸತ್ತರೆ ಊರು ಏನನ್ನುತ್ತದೆ? ನನ್ನ ಹೊಟ್ಟೆಕಿಚ್ಚೇ ಅದನ್ನು ತಿಂದಿತು ಅನ್ನುವುದಿಲ್ಲವೇ? ಎದುರುಮನೆ ಸೊಸೆ ನಿಂಗಿ ಅಂದೇಬಿಟ್ಟಳು: "ಏನ್ ಚಿಕ್ಕವ್ವ, ನಿನ್ ಕಣ್ಣೇ ಬಿತ್ತೋ ಏನೋ."

"ನನ್ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರೆ ನೀನು ಇಷ್ಟೊತ್ತು ಇಲ್ಲಿ ನಿಂತಿರ್ತಿದ್ಯಾ?" ಅಂದೆ.

ಅಂದವಳೇ ಹೇಂಟೆಯನ್ನು ಮಡಿಲಿಗೆ ಎತ್ತಿಕೊಂಡೆ. ನಾಲ್ಕು ಹನಿ ಕೊಬ್ಬರಿ ಎಣ್ಣೆ ಕುಡಿಸಿ ಚೀಲವನ್ನು ಮೆಲ್ಲಗೆ ನೀವಿದೆ. ತುಸು ಮೆತ್ತಗಾದ ಮೇಲೆ ಕೆಳಗೆ ಬಿಟ್ಟರೆ, ಗೋಡೆ ಬಿದ್ದ ಸಂದಿಯಲ್ಲಿ ನುಸುಳಿ ನೇರ ನಿನ್ನ ಹಿತ್ತಲಿಗೇ ಹೋಯಿತು. ಅಲ್ಲಿ ಕಾಳಿಲ್ಲ, ಹುಳವಿಲ್ಲ. ಗರಸು ಕೆದಕಿ ಕಲ್ಲನ್ನೇ ಆರಿಸಿ ನುಂಗುತ್ತಿತ್ತು. ಕೋಳಿ ಕೊಯ್ದಾಗೆಲ್ಲ ಅದರ ಹೊಟ್ಟೆಯ ಕಂದನಕಾಯಿ ಸೀಳಿ ಒಳಗಿನ ಕಲ್ಲು ತೊಳೆದು ಚೆಲ್ಲಿದವಳು ನಾನು. ಹಲ್ಲಿಲ್ಲದ ಪ್ರಾಣಿಗೆ ಅದೇ ಕಾಳು ಬೀಸುವ ಕಲ್ಲು ಅಂತ ಆವತ್ತಿನವರೆಗೆ ಹೊಳೆದಿರಲಿಲ್ಲ. ಆ ಕಲ್ಲನ್ನು ದಿನಾ ಗುಡಿಸಿ ತಿಪ್ಪೆಗೆ ಹಾಕಿದ್ದು ನನ್ನ ಪೊರಕೆ. ನೀನು ಗೊತ್ತಿದ್ದೇ ಹಾಗೆ ಬಿಟ್ಟಿದ್ದೆಯಾ? ಇಲ್ಲ, ಮೈಗಳ್ಳತನವೇ ನಿನಗೆ ಒಲಿಯಿತಾ? ಯಾವುದಾದರೂ ನನಗೆ ಸಂಕಟವೇ.

ಈಗ ಸಗಣಿ ಸಾರಿಸುವುದು ಮುಂಬಾಗಿಲಿಗೆ ಮಾತ್ರ. ನಿನ್ನ ಕಡೆಯ ಗರಸನ್ನೇ ಮಂಕರಿಯಲ್ಲಿ ತಂದು ಹಿತ್ತಲಿಗೆ ಸುರಿದಿದ್ದೇನೆ. ತಂಗಳು ಮುದ್ದೆ ನಿಲ್ಲಿಸಿ ಒಣ ರಾಗಿ, ಸಣ್ಣಗೆ ಹೆಚ್ಚಿದ ಸೊಪ್ಪು ಹಾಕುತ್ತೇನೆ. ನೀರಿನ ಬಾನಿಯನ್ನು ಬೆಳಗಾದರೆ ಉಜ್ಜುತ್ತೇನೆ, ನೀನು ಉಜ್ಜುತ್ತಿದ್ದ ಹಾಗೆ. ಹೇಂಟೆ ಕಾವು ಕೂತು ಮರಿ ಎಬ್ಬಿಸಿದೆ. ಒಂದರ ಚೀಲವೂ ಉಬ್ಬಿಲ್ಲ.

ನಿನ್ನೆ ನಿಂಗಿ ಇಣುಕಿ ನೋಡಿ, "ದೊಡ್ಡವ್ವನ ಕೋಳಿ ಅಂದ್ರೆ ದೊಡ್ಡವ್ವನ ಕೋಳೀನೇ ಬಿಡು" ಅಂದಳು. ಕೇಳಿದೆಯಾ? ಬಾನಿ ಉಜ್ಜುವವಳು ನಾನು, ಹೆಸರು ನಿನ್ನದು.

ಗಿರಿಜೆಗೆ ಅರ್ಧ ಮರಿ ತಪ್ಪದೆ ಕೊಡುತ್ತೇನೆ. ಚುಕ್ಕೆ ಹೇಂಟೆಯನ್ನು ಮಾತ್ರ ಕೊಡುವುದಿಲ್ಲ ಕಣಕ್ಕ. ಬೇಕಿದ್ದರೆ ನೀನೇ ಬಂದು ಕೇಳು.